ಮಗುವಿನ ಬಟ್ಟೆಯ ಮೇಲಿನ ಹಣ್ಣಿನ ಕಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ 6 ತಿಂಗಳು ತುಂಬಿ, ಅನ್ನಪ್ರಾಶನ ಮುಗಿದು, ಎದೆಹಾಲಿನ ಜೊತೆಗೆ ಕಿವುಚಿದ ಬಾಳೆಹಣ್ಣು, ಬೇಯಿಸಿದ ಸೇಬು, ಮಾವಿನ ರಸ ಎಂದು ಒಂದೊಂದೇ ರುಚಿ ತೋರಿಸತೊಡಗಿದ ದಿನದಿಂದ ಒಗೆಯುವ ಬಕೆಟ್ಟಿನ ಸ್ವರೂಪವೇ ಬದಲಾಗುತ್ತದೆ. ಲಂಗೋಟಿ ಒಗೆದು ಪಳಗಿದ ಕೈಗೂ ಹಣ್ಣಿನ ಕಲೆ ಹೊಸ ಪಾಠವೇ. ಏಕೆಂದರೆ ಒಂದೊಂದು ಹಣ್ಣಿನ ಕಲೆ ಒಂದೊಂದು ರೀತಿಯಲ್ಲಿ ನಡೆದುಕೊಳ್ಳುತ್ತದೆ. ನೇರಳೆಗೆ ಮಾಡಿದ ಉಪಚಾರ ಮಾವಿಗೆ ನಾಟುವುದಿಲ್ಲ, ಮಾವಿಗೆ ಮಾಡಿದ್ದು ಬಾಳೆಗೆ ಸಾಲುವುದಿಲ್ಲ. ಕಲೆ ಶಾಶ್ವತವಾಗಿ ಉಳಿಯುವುದು ಬಹುಪಾಲು ಹಣ್ಣಿನ ತಪ್ಪಿನಿಂದಲ್ಲ, ಮೊದಲ ಒಂದು ಗಂಟೆಯಲ್ಲಿ ಅವಸರಕ್ಕೆ ನಾವು ಮಾಡುವ ಕೆಲಸಗಳಿಂದ.

ಮಗು ಈಗಷ್ಟೇ ಮೈಮೇಲೆಲ್ಲ ಹಣ್ಣು ಚೆಲ್ಲಿಕೊಂಡಿದೆ. ಮೊದಲು ಏನು ಮಾಡಬೇಕು?

ಬಟ್ಟೆಯನ್ನು ಬಿಚ್ಚಿ, ಅಂಟಿದ ತಿರುಳನ್ನು ಚಮಚದ ಅಂಚಿನಿಂದ ಹೊರಗಿನಿಂದ ಒಳಗೆ ಎತ್ತಿ ತೆಗೆಯಬೇಕು. ಆನಂತರ ಬಟ್ಟೆಯನ್ನು ಒಳಮಗ್ಗುಲು ಮೇಲಾಗುವಂತೆ ತಿರುಗಿಸಿ, ಕಲೆಯ ಹಿಂಭಾಗಕ್ಕೆ ನಲ್ಲಿಯ ತಣ್ಣೀರನ್ನು ಒಂದೆರಡು ನಿಮಿಷ ಬಿಡಬೇಕು. ಮುಂದಿನಿಂದ ನೀರು ಬಿಟ್ಟರೆ ಬಣ್ಣ ನೂಲಿನೊಳಕ್ಕೆ ಇಳಿಯುತ್ತದೆ. ಹಿಂದಿನಿಂದ ಬಿಟ್ಟರೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಈ ಹಂತದಲ್ಲಿ ಉಜ್ಜಬಾರದು, ಬ್ರಶ್ ಹಾಕಬಾರದು, ಬಿಸಿನೀರು ಮುಟ್ಟಿಸಬಾರದು, ಬಟ್ಟೆ ಸೋಪನ್ನಂತೂ ಕೈಗೇ ತೆಗೆದುಕೊಳ್ಳಬಾರದು.

ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಇದ್ದು ನಲ್ಲಿ ಸಿಗದಿದ್ದರೆ ಕಲೆಯನ್ನು ಒಣಗಲು ಬಿಡದಿರುವುದೇ ಅರ್ಧ ಕೆಲಸ. ಬಾಟಲಿಯ ನೀರಿನಿಂದ ಆ ಭಾಗವನ್ನು ನೆನೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಂಡು ಮನೆಗೆ ತಂದರೆ ಸಾಕು. ಚೀಲವನ್ನು ಮರೆತು ಎರಡು ದಿನ ಹಾಗೆಯೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ನೇರಳೆ ಹಣ್ಣಿನ ಕಲೆಗೆ ಸೋಪು ಹಚ್ಚಿದ ಕೂಡಲೇ ಅದು ನೀಲಿಯಾಯಿತು. ಬಟ್ಟೆ ಹಾಳಾಯಿತೇ?

ಹಾಳಾಗಿಲ್ಲ. ನೇರಳೆ, ಕಪ್ಪು ದ್ರಾಕ್ಷಿ, ಹಿಪ್ಪುನೇರಳೆ, ದಾಳಿಂಬೆಯ ಕಾಳು ಇವುಗಳ ಕೆಂಪು-ನೇರಳೆ ಬಣ್ಣಕ್ಕೆ ಆಂಥೋಸಯಾನಿನ್ ಎಂಬ ವರ್ಣದ್ರವ್ಯ ಕಾರಣ. ಇದು ಹುಳಿಯಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ನೀಲಿ ಅಥವಾ ಹಸಿರು ಛಾಯೆಯಾಗಿಯೂ ಕಾಣುತ್ತದೆ. ಅಡುಗೆಮನೆಯಲ್ಲೇ ಇದನ್ನು ಪರೀಕ್ಷಿಸಬಹುದು: ಎರಡು ಬಿಳಿ ಬಟ್ಟಲುಗಳಲ್ಲಿ ನೇರಳೆ ರಸದ ಎರಡೆರಡು ಹನಿ ಹಾಕಿ, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಒಂದು ಚಿಟಿಕೆ ವಾಷಿಂಗ್ ಸೋಡಾ ಬೆರೆಸಿದರೆ ಮೊದಲನೆಯದು ಕುಂಕುಮದಂತೆ ಕೆಂಪೇರುತ್ತದೆ, ಎರಡನೆಯದು ಮಳೆಮೋಡದ ಬಣ್ಣಕ್ಕೆ ತಿರುಗುತ್ತದೆ. ಬಟ್ಟೆ ಸೋಪು ಕ್ಷಾರವಾದ್ದರಿಂದ ನಿಮ್ಮ ಬಟ್ಟೆಯ ಮೇಲೆ ನಡೆದದ್ದು ಈ ಎರಡನೆಯ ಬಟ್ಟಲಿನ ಕತೆ.

ಸೋಪನ್ನು ಪೂರ್ತಿ ತೊಳೆದು, ಒಂದು ಲೋಟ ನೀರಿಗೆ ಎರಡು ಚಮಚ ನಿಂಬೆರಸವನ್ನೋ ಬಿಳಿ ವಿನೆಗರನ್ನೋ ಬೆರೆಸಿ, ಕಲೆಯ ಭಾಗವನ್ನು ಅದರಲ್ಲಿ 15 ನಿಮಿಷ ಅದ್ದಿಡಬೇಕು. ಕಲೆ ಮತ್ತೆ ಕೆಂಪಾದರೆ ಗಾಬರಿಪಡುವುದು ಬೇಡ. ಬಣ್ಣ ಇನ್ನೂ ನೀರಿನಲ್ಲಿ ಕರಗುವ ಸ್ಥಿತಿಯಲ್ಲಿದೆ ಎಂದೇ ಅದರ ಅರ್ಥ. ತಣ್ಣೀರಿನಲ್ಲಿ ಜಾಲಿಸಿ, ಇನ್ನೂ ಉಳಿದಿದ್ದರೆ ಇನ್ನೊಮ್ಮೆ ಅದ್ದಿ, ಕೊನೆಗೆ ಮಾತ್ರ ಬಟ್ಟೆ ಒಗೆಯುವ ಲಿಕ್ವಿಡ್ ಹಾಕಿ ಒಗೆಯಬೇಕು. ನಿಂಬೆರಸ ಹಚ್ಚಿದ ಬಟ್ಟೆಯನ್ನು ಜಾಲಿಸದೆ ಬಿಸಿಲಿಗೆ ಹಾಕಬಾರದು: ಹುಳಿ ಒಣಗುತ್ತ ಗಟ್ಟಿಯಾಗಿ ಹತ್ತಿಯ ನೂಲನ್ನು ಸಡಿಲಗೊಳಿಸುತ್ತದೆ, ಬಣ್ಣದ ಬಟ್ಟೆಯಾದರೆ ಅದರ ಸ್ವಂತ ಬಣ್ಣವೂ ಮಾಸಬಹುದು.

ಬಾಳೆಹಣ್ಣು ತಿನ್ನಿಸುವಾಗ ಬಟ್ಟೆಯ ಮೇಲೆ ಏನೂ ಕಾಣಲಿಲ್ಲ. ಒಗೆದು ಇಸ್ತ್ರಿ ಮಾಡಿದ ಮೇಲೆ ಕಂದು ಕಲೆ ಎಲ್ಲಿಂದ ಬಂತು?

ತಾಯಂದಿರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಮಕ್ಕಳ ಬಟ್ಟೆಗೆ ಅತಿ ಹೆಚ್ಚು ಹಾನಿ ಮಾಡುವ ಹಣ್ಣು ಕೂಡ, ನಮ್ಮ ಅಭಿಪ್ರಾಯದಲ್ಲಿ, ಸಾಧುವಾಗಿ ಕಾಣುವ ಈ ಬಾಳೆಯೇ. ನೇರಳೆ ತನ್ನನ್ನು ತಾನೇ ತೋರಿಸಿಕೊಂಡು ಎಚ್ಚರಿಸುತ್ತದೆ. ಬಾಳೆ ಅಡಗಿ ಕೂರುತ್ತದೆ. ಅದರ ತಿರುಳಿನಲ್ಲಿರುವ ಫೀನಾಲ್ ಸಂಯುಕ್ತಗಳು, ಹಣ್ಣಿನಲ್ಲೇ ಇರುವ ಒಂದು ಕಿಣ್ವದ ನೆರವಿನಿಂದ, ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಕಂದಾಗುತ್ತವೆ. ಹೆಚ್ಚಿಟ್ಟ ಸೇಬು, ಬದನೆಕಾಯಿ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಇದರ ಜೊತೆಗೆ ನೂಲಿನಲ್ಲಿ ಉಳಿದ ಸಕ್ಕರೆಯ ಅಂಶ ಇಸ್ತ್ರಿಪೆಟ್ಟಿಗೆಯ ಶಾಖಕ್ಕೆ, ಪಾಕ ಸೀದಂತೆ, ಕೆಂಪಗೆ ಸೀಯುತ್ತದೆ. ಬಾಳೆದಿಂಡು ಹೆಚ್ಚುವಾಗ, ಗೊನೆ ಕಡಿಯುವಾಗ ತೋಟದವರು ಹಳೆಯ ಬಟ್ಟೆಯನ್ನೇ ಹಾಕಿಕೊಳ್ಳುತ್ತಾರೆ. ಬಾಳೆಯ ರಸ ಎಂಥದ್ದೆಂದು ಅವರಿಗೆ ಗೊತ್ತು.

ಆದ್ದರಿಂದ ಬಾಳೆಹಣ್ಣು ತಿಂದ ಮಗುವಿನ ಅಂಗಿಯಲ್ಲಿ ಕಲೆ ಕಾಣಲಿ, ಕಾಣದಿರಲಿ, ಅದೇ ದಿನ ನೆನೆಹಾಕಬೇಕು. ಎದೆಯ ಭಾಗವನ್ನು ಬೆರಳಿನಿಂದ ಸವರಿದರೆ ಅಂಟಂಟಾಗಿ ಅಥವಾ ಗಂಜಿ ಹಾಕಿದಂತೆ ಬಿರುಸಾಗಿ ಹತ್ತುವ ಜಾಗವೇ ನಾಳೆಯ ಕಲೆ. ಅಲ್ಲಿ ಲಿಕ್ವಿಡ್ ಡಿಟರ್ಜೆಂಟನ್ನು ನೇರವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಗೆಯಬೇಕು. ಕಂದು ಈಗಾಗಲೇ ಮೂಡಿದ್ದರೆ ನಿಂಬೆ ಸಾಲದು, ಆಮ್ಲಜನಕ ಬಿಡುವ ಬ್ಲೀಚ್ ಬೇಕು. ಅದರ ವಿವರ ಮುಂದೆ ಇದೆ. ಕರಾವಳಿಯ ಮನೆಗಳಲ್ಲಿ ಕೊಡುವ ನೇಂದ್ರ ಬಾಳೆಯ ಪುಡಿಯ ‘ಮಣ್ಣಿ’ ಎಂಬ ಗಂಜಿಗೂ ಈ ಮಾತು ಅನ್ವಯಿಸುತ್ತದೆ.

ಮಾವು, ಪಪ್ಪಾಯಿ, ಕ್ಯಾರೆಟ್ ಇವುಗಳ ಹಳದಿ ಕಲೆಗೆ ನಿಂಬೆ ಹಚ್ಚಿದರೂ ಹೋಗುತ್ತಿಲ್ಲವೇಕೆ?

ಆ ಬಣ್ಣ ಕ್ಯಾರೊಟಿನಾಯ್ಡ್‌ಗಳದ್ದು. ಅವು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತವೆ. ಆದ್ದರಿಂದ ಇವನ್ನು ಎಣ್ಣೆಯ ಕಲೆ ಎಂದೇ ಭಾವಿಸಬೇಕು. ಪಾತ್ರೆ ತೊಳೆಯುವ ಲಿಕ್ವಿಡ್‌ನ ಒಂದೆರಡು ಹನಿಯನ್ನು ಕಲೆಗೆ ಹಚ್ಚಿ, ಬೆರಳ ತುದಿಯಿಂದ ಮೆಲ್ಲಗೆ ತೀಡಿ, 10 ನಿಮಿಷದ ನಂತರ ಉಗುರುಬೆಚ್ಚಗಿನ ನೀರಿನಲ್ಲಿ ಒಗೆಯಬೇಕು. ಆಗಲೂ ಉಳಿಯುವ ತಿಳಿಹಳದಿಗೆ ಮದ್ದು ಬಿಸಿಲು. ಒದ್ದೆಯಾಗಿರುವಾಗಲೇ ಕಲೆಯ ಭಾಗ ಸೂರ್ಯನಿಗೆ ಎದುರಾಗುವಂತೆ ತಂತಿಗೆ ಹಾಕಿದರೆ ಒಂದೆರಡು ಹಗಲಿನಲ್ಲಿ ಬಣ್ಣ ಕಳೆದುಹೋಗುತ್ತದೆ, ಏಕೆಂದರೆ ಬೆಳಕಿಗೆ ಈ ವರ್ಣದ್ರವ್ಯಗಳು ಒಡೆಯುತ್ತವೆ. ಮಾವಿನ ಕಾಲವೂ ಸುಡುಬಿಸಿಲಿನ ಕಾಲವೂ ಒಂದೇ ಆಗಿರುವುದು ನಮ್ಮ ಪುಣ್ಯ.

ಹಣ್ಣಿನ ಜೊತೆ ಬೇಳೆಕಟ್ಟನ್ನೂ ತಿನ್ನಿಸಿದ್ದು, ಸೋಪು ತಾಗಿದ ಕೂಡಲೇ ಹಳದಿ ಕಲೆ ಕೆಂಪಾದರೆ ಅದು ಮಾವಲ್ಲ, ಅರಿಶಿನ. ಅದಕ್ಕೂ ಬಿಸಿಲೇ ಮದ್ದು.

ದಾಳಿಂಬೆ, ಸಪೋಟ, ಗೇರುಹಣ್ಣು ಇವುಗಳ ಕಲೆ ಏಕೆ ಅಷ್ಟು ಗಟ್ಟಿ?

ಒಂದು ಸುಲಭ ಲೆಕ್ಕವಿದೆ: ನಾಲಿಗೆಗೆ ಒಗರಾಗಿ ಹತ್ತುವುದು ಬಟ್ಟೆಗೂ ಹತ್ತುತ್ತದೆ. ಒಗರಿಗೆ ಕಾರಣವಾದ ಟ್ಯಾನಿನ್ ಹತ್ತಿಯ ನೂಲನ್ನು ಬಿಗಿಯಾಗಿ ಹಿಡಿಯುತ್ತದೆ. ದಾಳಿಂಬೆಯ ಸಿಪ್ಪೆಯಿಂದ ಬಟ್ಟೆಗೆ ಬಣ್ಣ ಕಟ್ಟುವ ಪದ್ಧತಿ ಹಿಂದಿನಿಂದಲೂ ಇರುವುದು ಇದಕ್ಕಾಗಿಯೇ; ಬಣ್ಣಗಾರನಿಗೆ ಗುಣವಾದದ್ದು ಅಗಸನಿಗೆ ದೋಷ. ದಾಳಿಂಬೆ ಬಿಡಿಸುವಾಗ ಮಗು ಪಕ್ಕದಲ್ಲಿ ಕೂತಿದ್ದರೆ ಕಾಳಿಗಿಂತ ಸಿಪ್ಪೆಯ ರಸದ ಬಗ್ಗೆ ಎಚ್ಚರವಿರಲಿ. ಬೇಸಿಗೆಗೆ ಕರಾವಳಿಯ ಅಜ್ಜಿಮನೆಗೆ ಹೋದ ಮಕ್ಕಳ ಅಂಗಿಯ ಮೇಲೆ ಬೀಳುವ ಗೇರುಹಣ್ಣಿನ ರಸ ಮೊದಲು ನೀರಿನಂತಿದ್ದು, ಒಣಗಿದ ಮೇಲೆ ಕಂದಾಗಿ ಕೂರುವುದನ್ನು ಅಲ್ಲಿಯವರೆಲ್ಲ ಬಲ್ಲರು.

ಇಂಥ ಕಲೆಗೆ ಮೊದಲು ತಣ್ಣೀರು, ಅನಂತರ ವಿನೆಗರ್ ಬೆರೆಸಿದ ನೀರು, ಆಮೇಲೆ ಲಿಕ್ವಿಡ್ ಡಿಟರ್ಜೆಂಟ್, ಕೊನೆಗೆ ಆಮ್ಲಜನಕದ ಬ್ಲೀಚ್ ಎಂಬ ಕ್ರಮವನ್ನು ತಪ್ಪಿಸಬಾರದು. ಕ್ಷಾರದಲ್ಲಿ ಟ್ಯಾನಿನ್ ಇನ್ನಷ್ಟು ಕಪ್ಪಾಗುವುದರಿಂದ ಬಟ್ಟೆ ಸೋಪು, ವಾಷಿಂಗ್ ಸೋಡಾ ಎರಡೂ ಆರಂಭದಲ್ಲಿ ಬೇಡ.

ಹಲಸಿನ ಮೇಣ ಅಂಟಿದರೆ?

ಅದಕ್ಕೆ ನೀರು ಹಾಕಿ ಪ್ರಯೋಜನವಿಲ್ಲ. ಹಲಸು ಹೆಚ್ಚುವ ಮೊದಲು ಕೈಗೆ ಹಚ್ಚಿಕೊಳ್ಳುವ ತೆಂಗಿನೆಣ್ಣೆಯನ್ನೇ ಮೇಣದ ಮೇಲೂ ಹಚ್ಚಿ, ಸಡಿಲವಾದ ಮೇಲೆ ಹಳೆಯ ಬಟ್ಟೆಯ ತುಂಡಿನಿಂದ ಎತ್ತಿ ತೆಗೆದು, ಉಳಿದ ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಒಗೆಯಬೇಕು. ಸೀಮೆಎಣ್ಣೆಯೂ ಮೇಣವನ್ನು ಬಿಡಿಸುತ್ತದೆ, ನಿಜ. ಮಗುವಿನ ಬಟ್ಟೆಗೆ ಅದು ಬೇಡವೇ ಬೇಡ.

ಮಗು ಹಣ್ಣು ತಿಂದು ಹಾಲು ಕುಡಿದು ಕಕ್ಕಿತು. ಇದನ್ನು ಯಾವ ಕಲೆ ಎಂದು ತಿಳಿಯಬೇಕು?

ಎರಡೂ ಎಂದು ತಿಳಿದು, ಹಾಲಿನ ಪಾಲನ್ನು ಮೊದಲು ತೆಗೆಯಬೇಕು. ಹಾಲಿನ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಹುಳಿ ತಾಗಿದರೂ ಒಡೆದು ಹೆಪ್ಪಾಗುತ್ತದೆ. ಹೀಗಾಗಿ ಇಲ್ಲಿ ಬಿಸಿನೀರೂ ನಿಂಬೆಯೂ ಮೊದಲಿಗೆ ಸಲ್ಲವು. ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಿ, ಕಿಣ್ವವಿರುವ ಡಿಟರ್ಜೆಂಟಿನಲ್ಲಿ ಅರ್ಧ ಗಂಟೆ ನೆನೆಸಿ, ಹಾಲಿನ ವಾಸನೆ ಹೋದ ಮೇಲೆ ಹಣ್ಣಿನ ಬಣ್ಣದ ಕಡೆ ಗಮನ ಕೊಡಬೇಕು.

ಕಲೆಯ ಮೇಲೆ ಕುದಿಯುವ ನೀರು ಸುರಿಯಬೇಕೆಂದು ಹಿರಿಯರು ಹೇಳುತ್ತಾರೆ. ಸರಿಯೇ?

ಕೆಲವು ಕಲೆಗಳ ಮಟ್ಟಿಗೆ ಸರಿ. ಬಿಳಿ ಹತ್ತಿ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿ, ಒಂದಡಿ ಎತ್ತರದಿಂದ ಕುದಿನೀರು ಸುರಿದರೆ ನೇರಳೆ, ದ್ರಾಕ್ಷಿಯಂಥ ಹಸಿ ಕಲೆಗಳು ಕಣ್ಣೆದುರೇ ಇಳಿದುಹೋಗುವುದುಂಟು. ಆದರೆ ಬಾಳೆಗೆ, ಹಾಲು ಬೆರೆತ ಕಲೆಗೆ, ಎಲಾಸ್ಟಿಕ್ ಇರುವ ಚಡ್ಡಿಗೆ, ಬಣ್ಣದ ಚಿತ್ರ ಅಚ್ಚೊತ್ತಿದ ಅಂಗಿಗೆ ಇದು ಕೇಡು. ಅಂಬೆಗಾಲಿಕ್ಕುವ ಮಗು ಓಡಾಡುವ ಮನೆಯಲ್ಲಿ ಒಂದು ಜಬಲದ ಆಸೆಗೆ ಕುದಿನೀರಿನ ಸಾಹಸ ಮಾಡುವುದು ವಿವೇಕವಲ್ಲವೆಂದೇ ನಮ್ಮ ಭಾವನೆ. ನೆನೆಹಾಕಿದ ಬಕೆಟ್ಟಿನ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು: ಕೆಲವೇ ಅಂಗುಲ ನೀರಿನಲ್ಲೂ ಹಸುಗೂಸು ಮುಳುಗಬಲ್ಲುದು. ಬಕೆಟ್ಟನ್ನು ಬಚ್ಚಲಮನೆಯಲ್ಲಿಟ್ಟು ಬಾಗಿಲಿಗೆ ಚಿಲಕ ಹಾಕಬೇಕು.

ಆಮ್ಲಜನಕದ ಬ್ಲೀಚ್ ಎಂದರೆ ಯಾವುದು? ಮಗುವಿನ ಬಟ್ಟೆಗೆ ಹಾಕಬಹುದೇ?

ಎರಡು ರೂಪದಲ್ಲಿ ಸಿಗುತ್ತದೆ. ಮೊದಲನೆಯದು ಸೋಡಿಯಂ ಪರ್ಕಾರ್ಬೋನೇಟ್ ಎಂಬ ಬಿಳಿ ಪುಡಿ. ಕಲೆ ತೆಗೆಯುವ ಪುಡಿಗಳೆಂದು ಮಾರುವ ಬಹಳಷ್ಟು ಡಬ್ಬಿಗಳಲ್ಲಿ ಇದೇ ಇರುತ್ತದೆ. ನೀರಿಗೆ ಬಿದ್ದಾಗ ಇದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಬೇರ್ಪಡುತ್ತದೆ, ಆ ಪೆರಾಕ್ಸೈಡ್ ಬಣ್ಣವನ್ನು ಒಡೆಯುತ್ತದೆ. ತಣ್ಣೀರಿನಲ್ಲಿ ಇದರ ಕೆಲಸ ಮಂದ. ಕೈ ಇಡಬಹುದಾದಷ್ಟು ಬಿಸಿಯಾದ, ಸುಮಾರು 40 ಡಿಗ್ರಿ ಸೆಲ್ಸಿಯಸ್ ನೀರು ಬೇಕು. ಎರಡು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪುಡಿ ಹಾಕಿ, ಕರಗಿದ ಮೇಲೆ ಬಟ್ಟೆಯನ್ನು ಒಂದರಿಂದ ನಾಲ್ಕು ಗಂಟೆ ನೆನೆಸಬೇಕು. ಕಲಸಿದ ನೀರನ್ನು ಮುಚ್ಚಳ ಬಿಗಿದ ಬಾಟಲಿಯಲ್ಲಿ ತುಂಬಿಡಬಾರದು, ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು.

ಎರಡನೆಯದು ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 20 ವಾಲ್ಯೂಮ್, ಅಂದರೆ 6 ಪ್ರತಿಶತದ ದ್ರಾವಣ. ಅಷ್ಟೇ ನೀರು ಬೆರೆಸಿದರೆ 3 ಪ್ರತಿಶತವಾಗುತ್ತದೆ. ಒಳಹೊಲಿಗೆಯ ಮೇಲೆ ಒಂದು ಹನಿ ಹಾಕಿ ಬಟ್ಟೆಯ ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡು, ಕಲೆಗೆ ಹಚ್ಚಿ 20 ನಿಮಿಷ ಬಿಡಬಹುದು. ಪೆರಾಕ್ಸೈಡ್ ಕೊನೆಗೆ ನೀರೂ ಆಮ್ಲಜನಕವೂ ಆಗಿ ಹೋಗುವುದರಿಂದ, ಎರಡು ಮೂರು ಬಾರಿ ಜಾಲಿಸಿದ ಬಟ್ಟೆಯನ್ನು ಮಗುವಿಗೆ ತೊಡಿಸಲು ಅಡ್ಡಿಯಿಲ್ಲ. ಬಾಟಲಿ ಮಾತ್ರ ಮಗುವಿನ ಕೈಗೆ ಎಟುಕಬಾರದು.

ಮನೆಯಲ್ಲಿರುವ ಕ್ಲೋರಿನ್ ಬ್ಲೀಚ್ ಸಾಲದೇ?

ಅಚ್ಚ ಬಿಳಿಯ, ಪೂರ್ತಿ ಹತ್ತಿಯ ಲಂಗೋಟಿ, ಟವೆಲುಗಳಿಗೆ ಸಾಕು. ಉಣ್ಣೆ, ರೇಷ್ಮೆ, ಹಿಗ್ಗುವ ನೂಲು ಬೆರೆತ ಬಟ್ಟೆಗಳನ್ನು ಅದು ತಿಂದುಹಾಕುತ್ತದೆ. ನಿಂಬೆ ಅಥವಾ ವಿನೆಗರ್ ಹಚ್ಚಿದ ಬಟ್ಟೆಯ ಮೇಲೆ ಅದನ್ನು ಎಂದಿಗೂ ಹಾಕಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮನೆಯಲ್ಲಿ ಇಬ್ಬರು ಒಗೆಯುವವರಿದ್ದು, ಒಬ್ಬರು ಹುಳಿ ಹಾಕಿದ್ದು ಇನ್ನೊಬ್ಬರಿಗೆ ತಿಳಿಯದೆ ಈ ಅಪಾಯ ನಡೆಯುವ ಸಂಭವವಿದೆ. ಆದ್ದರಿಂದ ನೆನೆಹಾಕಿದವರು ಏನು ಹಾಕಿದ್ದೇವೆಂದು ಹೇಳಿಬಿಡಬೇಕು.

ಬೋರ್‌ವೆಲ್ ನೀರಿನಲ್ಲಿ ಒಗೆದರೆ ಹಣ್ಣಿನ ಕಲೆ ಕಪ್ಪಾಗುತ್ತಿದೆ. ನೀರಿಗೂ ಕಲೆಗೂ ಸಂಬಂಧವಿದೆಯೇ?

ಖಂಡಿತ ಇದೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಕರಗದ ಗಸಿಯಾಗಿ ಬಟ್ಟೆಯ ಮೇಲೆ ಕೂರುತ್ತದೆ, ಬಿಳಿ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ. ಅದಕ್ಕಿಂತ ಕೆಟ್ಟದ್ದು ನೀರಿನಲ್ಲಿರುವ ಕಬ್ಬಿಣ. ಹಣ್ಣಿನ ಟ್ಯಾನಿನ್ ಮತ್ತು ಕಬ್ಬಿಣ ಕೂಡಿದರೆ ಹುಟ್ಟುವುದು ಶಾಯಿ. ಇದು ಬರೀ ಹೋಲಿಕೆಯಲ್ಲ: ಶ್ರೀಕಾಳಹಸ್ತಿಯ ಕಲಂಕಾರಿ ಕಲಾವಿದರು ಟ್ಯಾನಿನ್ ತುಂಬಿದ ಅಳಲೆಕಾಯಿಯ ದ್ರವದಲ್ಲಿ ಬಟ್ಟೆಯನ್ನು ಅದ್ದಿ ಒಣಗಿಸಿ, ಅದರ ಮೇಲೆ ತುಕ್ಕು ಕಬ್ಬಿಣ ಮತ್ತು ಬೆಲ್ಲವನ್ನು ಕೊಳೆಸಿದ ನೀರಿನಿಂದ ಗೆರೆ ಎಳೆಯುತ್ತಾರೆ, ಗೆರೆ ಕಪ್ಪಾಗಿ ಮೂಡಿ ತಲೆಮಾರುಗಳ ಕಾಲ ಉಳಿಯುತ್ತದೆ. ದಾಳಿಂಬೆ ಚೆಲ್ಲಿದ ಅಂಗಿಯನ್ನು ತುಕ್ಕು ಹಿಡಿದ ಬಕೆಟ್ಟಿನಲ್ಲಿ ನೆನೆಸಿದಾಗ, ಒದ್ದೆ ಬಟ್ಟೆಯನ್ನು ತುಕ್ಕಿನ ತಂತಿಗೆ ಹಾಕಿದಾಗ ನಾವೂ ತಿಳಿಯದೆ ಅದೇ ಕಲೆಗಾರಿಕೆ ಮಾಡುತ್ತೇವೆ.

ಕಲೆ ತೆಗೆಯುವ ಹಂತದವರೆಗಾದರೂ ಕಾವೇರಿ ನೀರನ್ನೋ ಮಳೆನೀರನ್ನೋ ಕುಡಿಯುವ ಫಿಲ್ಟರ್ ನೀರನ್ನೋ ಬಳಸುವುದು ಲೇಸು. ಎರಡು ಲೋಟ ನೀರು ಸಾಕಾಗುವುದರಿಂದ ಇದು ದುಂದಾಗುವುದಿಲ್ಲ. ಕಪ್ಪು ಈಗಾಗಲೇ ಮೂಡಿದ್ದರೆ ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯ ನಿಂಬೆ ಉಪ್ಪನ್ನು ಬೆರೆಸಿ ಅರ್ಧ ಗಂಟೆ ನೆನೆಸಬೇಕು.

ಅಂಗನವಾಡಿ, ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಸಿರಪ್ ಬಿದ್ದ ಕಲೆಗೂ ಇದೇ ಉಪಾಯವೇ?

ಹೌದು, ನಿಂಬೆ ಉಪ್ಪಿನ ನೀರೇ. 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಕೊಡುವ ಈ ಸಿರಪ್ ಬಾಳೆಹಣ್ಣು ಮೆತ್ತಿದ ಅಂಗಿಯ ಮೇಲೆ ಬಿದ್ದರೆ ಮೇಲೆ ಹೇಳಿದ ಶಾಯಿಯೇ ತಯಾರಾಗುತ್ತದೆ. ಕ್ಲೋರಿನ್ ಬ್ಲೀಚ್ ತಾಗಿಸಿದರೆ ಕಬ್ಬಿಣ ತುಕ್ಕಾಗಿ ಇನ್ನೂ ಗಟ್ಟಿಯಾಗುತ್ತದೆ. ಸಿರಪ್ ಕೊಡುವ ದಿನ ಕೊರಳಿಗೆ ಹಳೆಯ ಜೊಲ್ಲುಬಟ್ಟೆ ಕಟ್ಟುವುದು ಎಲ್ಲಕ್ಕಿಂತ ಸುಲಭ.

ನಾಮಕರಣದ ರೇಷ್ಮೆ ಲಂಗ, ಉಣ್ಣೆಯ ಕುಲಾವಿ ಇವುಗಳ ಮೇಲೆ ಕಲೆಯಾದರೆ?

ರೇಷ್ಮೆಯೂ ಉಣ್ಣೆಯೂ ಸ್ವತಃ ಪ್ರೋಟೀನುಗಳು. ಪ್ರೋಟೀನನ್ನು ಅರಗಿಸುವ ಕಿಣ್ವದ ಡಿಟರ್ಜೆಂಟು ಕಲೆಯ ಜೊತೆಗೆ ಬಟ್ಟೆಯನ್ನೂ ಅರಗಿಸತೊಡಗುತ್ತದೆ. ಕ್ಷಾರವೂ ಅವಕ್ಕೆ ಆಗದು, ಪರ್ಕಾರ್ಬೋನೇಟ್ ಪುಡಿಯೂ ಬೇಡ. ತಣ್ಣೀರಿಗೆ ಸ್ವಲ್ಪ ವಿನೆಗರ್ ಬೆರೆಸಿ, ಬಿಳಿ ಬಟ್ಟೆಯ ತುಂಡಿನಿಂದ ಒತ್ತಿ ಒತ್ತಿ ಬಣ್ಣವನ್ನು ಹೀರಿಸಬೇಕು. ಜರಿಗೆ ಹುಳಿ ತಾಗಬಾರದು. ಡ್ರೈಕ್ಲೀನಿಂಗ್‌ಗೆ ಕೊಡುವುದಾದರೆ ಯಾವ ಹಣ್ಣಿನ ಕಲೆ ಎಂದು ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಸಕ್ಕರೆಯ ಕಲೆ ಅವರ ದ್ರಾವಕದಲ್ಲಿ ಕರಗುವುದಿಲ್ಲ. ಒಮ್ಮೆ ನಾವು ಹೇಳುವುದನ್ನು ಮರೆತು, ಅಂಚಿನಲ್ಲಿ ಕಾಣದಂತಿದ್ದ ಬಾಳೆಯ ಗುರುತು ಇಸ್ತ್ರಿಗೆ ಸಿಕ್ಕಿ ಕಾಫಿ ಬಣ್ಣಕ್ಕೆ ತಿರುಗಿ ಮನೆಗೆ ಬಂತು. ತಂದ ಬಟ್ಟೆಯನ್ನು ಒಂದು ದಿನ ಗಾಳಿಗೆ ಹಾಕದೆ ಮಗುವಿಗೆ ತೊಡಿಸಬಾರದು.

ಉಪ್ಪು, ಮಜ್ಜಿಗೆ, ಟೂತ್‌ಪೇಸ್ಟ್, ಅಂಟುವಾಳ ಇವುಗಳಿಂದ ಕಲೆ ಹೋಗುತ್ತದೆಯೇ?

ಉಪ್ಪು ಹಸಿ ರಸವನ್ನು ಒಂದಿಷ್ಟು ಹೀರುತ್ತದೆ, ಅಷ್ಟೇ. ಹುಳಿಮಜ್ಜಿಗೆ ನಿಂಬೆಯ ಕೆಲಸವನ್ನೇ ಮೆಲ್ಲಗೆ ಮಾಡಿದರೂ ತನ್ನದೊಂದು ಹಾಲಿನ ಕಲೆಯನ್ನು ಬಿಟ್ಟುಹೋಗುತ್ತದೆ. ಟೂತ್‌ಪೇಸ್ಟ್ ನೂಲನ್ನು ಸವೆಸುತ್ತದೆ. ಅಂಟುವಾಳದ ನೊರೆ ಮೃದುವಾಗಿದ್ದು ರೇಷ್ಮೆಗೆ ಹಿತವೇ, ಆದರೆ ಬಿಳಿ ಬಟ್ಟೆಗೆ ಅದೇ ತಿಳಿಕಂದು ಛಾಯೆ ಕೊಡುತ್ತದೆ. ನೀಲಿ ಹಾಕುವುದು ಕಲೆಯನ್ನು ತೆಗೆಯುವ ಉಪಾಯವಲ್ಲ, ಕಣ್ಣಿಗೆ ಮರೆಮಾಡುವ ಉಪಾಯ. ಹಳದಿ ಕಲೆಯ ಮೇಲೆ ನೀಲಿ ಬಿದ್ದರೆ ಹಸಿರಾಗುವುದೂ ಉಂಟು.

ಎಲ್ಲ ಮಾಡಿದರೂ ತಿಳಿಯಾಗಿ ಒಂದು ಗುರುತು ಉಳಿದಿದೆ. ಇನ್ನೇನು ಮಾಡಬಹುದು?

ಇಸ್ತ್ರಿ ಮಾಡದೆ ಇನ್ನೊಂದು ಸುತ್ತು ಪರ್ಕಾರ್ಬೋನೇಟ್, ಇನ್ನೆರಡು ಹಗಲು ಬಿಸಿಲು. ಅಲ್ಲಿಗೂ ಉಳಿದರೆ ಬಿಡುವುದೇ ಮೇಲು. ಮೂರು ತಿಂಗಳಿಗೆ ಗಿಡ್ಡವಾಗುವ ಅಂಗಿಯನ್ನು ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಬಿರುಸಾಗಿಸಿ, ಆ ಬಿರುಸನ್ನು ಮಗುವಿನ ಕೊರಳಿಗೆ ಉಜ್ಜುವುದರಲ್ಲಿ ಅರ್ಥವಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಲಿಯುವ ಕೌದಿಗೆ ಇಂಥ ಬಟ್ಟೆಗಳು ಚೆನ್ನಾಗಿ ಒದಗುತ್ತವೆ. ಹಣ್ಣು ತಿನ್ನಿಸುವ ಹೊತ್ತಿಗೆಂದೇ ಎರಡು ಕಲೆಯ ಅಂಗಿಗಳನ್ನು ಮೀಸಲಿಟ್ಟುಕೊಂಡರೆ ಹೊಸ ಅಂಗಿಗಳಾದರೂ ಉಳಿಯುತ್ತವೆ.

ಮುಂದಿನ ಮಗುವಿಗೆಂದು ಬಟ್ಟೆಗಳನ್ನು ಎತ್ತಿಡುವಾಗ ಏನು ಗಮನಿಸಬೇಕು?

ಗಂಜಿ ಹಾಕದೆ, ಇಸ್ತ್ರಿ ಮಾಡದೆ, ಒಮ್ಮೆ ಹೆಚ್ಚಾಗಿಯೇ ಜಾಲಿಸಿ, ಗರಿಗರಿಯಾಗಿ ಒಣಗಿಸಿ ಇಡಬೇಕು. ಕಾಣದೆ ಉಳಿದ ಹಣ್ಣಿನ ಸಕ್ಕರೆ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂತು ಕಂದಾಗುತ್ತದೆ, ಜಿರಲೆಯನ್ನೂ ಕರೆಯುತ್ತದೆ. ಹುಳು ಬಾರದಿರಲೆಂದು ನ್ಯಾಫ್ತಲೀನ್ ನುಸಿಗುಳಿಗೆ ಹಾಕುವ ರೂಢಿಯನ್ನು ಮಗುವಿನ ಬಟ್ಟೆಗಳ ಮಟ್ಟಿಗೆ ಪೂರ್ತಿ ಕೈಬಿಡಬೇಕು: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸುಗಳಲ್ಲಿ, ಬಟ್ಟೆಯಲ್ಲಿ ಉಳಿದ ಅದರ ಆವಿಯೇ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆಗೆ ಕಾರಣವಾಗಬಲ್ಲುದು, ಮತ್ತು ಆ ಕೊರತೆ ಇದೆಯೆಂದು ಹೆಚ್ಚಿನ ಮನೆಗಳಲ್ಲಿ ಮೊದಲೇ ತಿಳಿದಿರುವುದಿಲ್ಲ. ಒಣಗಿದ ಬೇವಿನ ಸೊಪ್ಪನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಇಡಬಹುದು. ಸೊಪ್ಪು ನೇರವಾಗಿ ಬಟ್ಟೆಗೆ ತಾಗಿದರೆ ಅದರದೂ ಒಂದು ಕಲೆಯಾಗುತ್ತದೆ.